ಟಪಾಲು ಕೋಲಿನ ಗಂಟೆ

ನಾನೊಂದು ಕಂಚಿನ ಗಂಟೆ. ಗುಡಿಯ ಬಾಗಿಲಲ್ಲಿ ತೂಗುವ ದೊಡ್ಡ ಗಂಟೆಯಲ್ಲ, ಹೆಣ್ಣುಮಗಳೊಬ್ಬಳ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು. ನನ್ನನ್ನು ಮಾಡಿದವನು ಕಂಚುಗಾರ ಮೌನೇಶಪ್ಪ. ಅವನು ಮೊದಲು ಮೇಣದಲ್ಲಿ ನನ್ನ ರೂಪ ಮಾಡಿದ. ಅದಕ್ಕೆ ಕೆರೆಯ ಮಣ್ಣು ಮೆತ್ತಿದ. ಬೆಂಕಿಗೆ ಹಿಡಿದಾಗ ಮೇಣ ಕರಗಿ ಹೋಯಿತು. ಉಳಿದ ಬರಿದು ಜಾಗಕ್ಕೆ ಒಡೆದ ತಾಟು, ಸೀಳಿದ ತಂಬಿಗೆಗಳ ಕುದಿವ ಕಂಚನ್ನು ಸುರಿದ. ಹಾಗೆ ಒಂದೇ ದಿನ ಆರು ಗಂಟೆಗಳು ಹುಟ್ಟಿದೆವು. ಒಬ್ಬೊಬ್ಬರಿಗೂ ಒಂದೊಂದು ನಾಲಗೆ ಸಿಕ್ಕಿಸುತ್ತ ಮೌನೇಶಪ್ಪ, ನಾಲಗೆ ಕೊಡುವುದಷ್ಟೇ ತನ್ನ ಕೆಲಸ, ಮಾತು ಕೊಡುವವನು ಕಟ್ಟಿಕೊಂಡವನು ಎಂದು ಹೇಳಿದ. ಆ ಮಾತು ಎಷ್ಟು ನಿಜವೆಂದು ತಿಳಿಯಲು ನನಗೆ ಒಂದು ಇಡೀ ಆಯುಷ್ಯ ಬೇಕಾಯಿತು.

ನಮ್ಮನ್ನು ಕಟ್ಟಿಕೊಂಡವನು ಫಕೀರಪ್ಪ. ಅವನು ಟಪಾಲಿನ ಓಟದವ. ಆ ಸೀಮೆಗೆ ಇನ್ನೂ ಬಸ್ಸು ಬಾರದ ಕಾಲ. ಕಾಗದದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಆರು ಗಂಟೆ ಕಟ್ಟಿದ ಕೋಲು ಹಿಡಿದು, ಎರಡು ಹರದಾರಿ ಓಡಿ, ಅಲ್ಲಿ ಕಾದು ನಿಂತ ಇನ್ನೊಬ್ಬ ಓಟದವನ ಕೈಗೆ ಚೀಲ ಒಪ್ಪಿಸುವುದು ಅವನ ಕಾಯಕ. ನಮ್ಮ ಸದ್ದಿಗೆ ಹಾವು ಸರಿಯುತ್ತಿತ್ತು, ತೋಳ ದೂರ ಉಳಿಯುತ್ತಿತ್ತು, ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ತಲೆ ಎತ್ತಿ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿದ್ದರು. ಟಪಾಲಿನವನಿಗೆ ಒಂದು ಕಟ್ಟಳೆ ಇತ್ತು. ಚೀಲ ಹೆಗಲ ಮೇಲೆ ಇರುವಷ್ಟು ಹೊತ್ತು ಅವನು ಕೂಡಬಾರದು. ನಿಂತು ನೀರು ಕುಡಿಯಬಹುದು, ನಡೆಯಬಹುದು, ಕೂಡಬಾರದು.

ಹನ್ನೆರಡು ವರ್ಷ ಫಕೀರಪ್ಪ ಆ ಕಟ್ಟಳೆ ಮುರಿಯಲಿಲ್ಲ. ಒಮ್ಮೆ ಮಾತ್ರ, ಬೇಸಿಗೆಯ ಮಧ್ಯಾಹ್ನ, ದಾರಿಯಲ್ಲಿ ಒಬ್ಬ ಮುದುಕಿ ಬಿಸಿಲು ಬಡಿದು ಬಿದ್ದಿದ್ದಳು. ಅವನು ಚೀಲ ಕೆಳಗಿಟ್ಟು, ಕುಳಿತು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವಳ ಮಗ ಬಂಡಿ ತರುವವರೆಗೆ ಏಳಲಿಲ್ಲ. ಟಪಾಲು ಒಂದು ತಾಸು ತಡವಾಯಿತು, ಮೇಲಿನವರಿಂದ ಬೈಗುಳವೂ ಆಯಿತು. ಆ ಸಂಜೆ ಅವನ ಎಂಟು ವರ್ಷದ ಮಗಳು ನೀಲಗಂಗವ್ವ ನಮ್ಮ ಧೂಳು ಒರೆಸುತ್ತ ಕೇಳಿದಳು.

"ಅಪ್ಪಾ, ಚೀಲ ಹೊತ್ತಾವ ಕೂಡಬಾರದು ಅಂತಿದ್ದಿ. ಮತ್ತ ನೀ ಯಾಕ ಕುಂತಿ?"

"ಕುಂತಿಲ್ಲ ಮಗಳ. ಹೊರಿ ಇಳಿಸಿದ್ದೆ, ಅಷ್ಟ."

ಹುಡುಗಿ ಆ ಮಾತನ್ನು ಎದೆಯಲ್ಲಿಟ್ಟುಕೊಂಡಳು. ನಾನೂ ಇಟ್ಟುಕೊಂಡೆ. ಕಂಚು ಒಮ್ಮೆ ಕೇಳಿದ್ದನ್ನು ಬೇಗ ಬಿಡುವುದಿಲ್ಲ.

ಆಮೇಲೆ ರಸ್ತೆಯಾಯಿತು, ಬಸ್ಸು ಬಂತು, ಕಾಗದಗಳು ಬಸ್ಸಿನಲ್ಲಿ ಕುಳಿತು ಹೋಗತೊಡಗಿದವು. ಫಕೀರಪ್ಪನ ಕೋಲು ಅಟ್ಟ ಸೇರಿತು. ನನ್ನ ಒಡಹುಟ್ಟಿದವರಲ್ಲಿ ನಾಲ್ವರು ಎತ್ತುಗಳ ಕೊರಳಿಗೆ ಹೋದರು, ಒಬ್ಬ ಎಲ್ಲಿಯೋ ಕಳೆದುಹೋದ. ನೀಲಗಂಗವ್ವನ ಮದುವೆಯಾದಾಗ ತಂದೆ ನನ್ನನ್ನು ಅವಳ ಸೀರೆಯ ಗಂಟಿನಲ್ಲಿ ಕಟ್ಟಿ ಕಳಿಸಿದ. ಹೀಗೆ ನಾನು ಕಲ್ಲಗೋನಾಳಕ್ಕೆ ಬಂದೆ.

ಅವಳ ಮನೆ ಸೋಮೇಶ್ವರನ ಕಲ್ಲುಗುಡಿಗೆ ಅಂಟಿಕೊಂಡೇ ಇತ್ತು. ಮಗ ಅಡಿವೆಪ್ಪ ಹುಟ್ಟಿದಾಗ ನನ್ನನ್ನು ತೊಟ್ಟಿಲಿಗೆ ಕಟ್ಟಿದರು. ಓಡುವವನ ಜೊತೆ ಓಡಿದ ನಾನು, ನಿದ್ದೆ ಮಾಡುವವನ ಮೇಲೆ ತೂಗುವುದನ್ನು ಕಲಿತೆ. ಅವನು ದೊಡ್ಡವನಾಗಿ ಹಿಟ್ಟಿನ ಗಿರಣಿ ನಡೆಸತೊಡಗಿದ. ಅವನ ಅಪ್ಪ ತೀರಿಕೊಂಡ. ದಾನವ್ವ ಸೊಸೆಯಾಗಿ ಬಂದಳು, ಇಬ್ಬರು ಹೆಣ್ಣುಮಕ್ಕಳು ಅದೇ ತೊಟ್ಟಿಲಲ್ಲಿ ಬೆಳೆದರು. ತೊಟ್ಟಿಲು ಅಟ್ಟಕ್ಕೆ ಹೋದಾಗ ನಾನು ಪಡಸಾಲೆಯ ಗೂಟಕ್ಕೆ ಬಂದೆ. ಅಲ್ಲಿ ಬಹಳ ವರ್ಷ ಮಾತಿಲ್ಲದೆ ಇದ್ದೆ.

ಜೋಳದ ಸುಗ್ಗಿಯ ಒಂದು ಮಧ್ಯಾಹ್ನ, ನನ್ನ ಕೆಳಗೇ, ನೀಲಗಂಗವ್ವ ಮೊರ ಹಿಡಿದವಳು ಹಿಡಿದಂತೆಯೇ ಒಂದು ಕಡೆಗೆ ವಾಲಿ ಬಿದ್ದಳು. ಊರೆಲ್ಲ ಹೊಲದಲ್ಲಿತ್ತು. ಮನೆಗಿದ್ದ ಒಂದು ಫೋನು ಅಡಿವೆಪ್ಪನ ಜೊತೆ ಪೇಟೆಗೆ ಹೋಗಿತ್ತು. ದಾನವ್ವ ಅತ್ತೆಯ ತಲೆಯ ಕೆಳಗೆ ದಿಂಬು ಕೊಟ್ಟು, ದೊಡ್ಡ ಮಗಳನ್ನು ಪಕ್ಕದಲ್ಲಿ ಕೂರಿಸಿ, ಡಾಂಬರು ರಸ್ತೆಯತ್ತ ಓಡಿದಳು. ಒಂದು ಹರದಾರಿ, ಐದು ಕಿಲೋಮೀಟರಿನಷ್ಟು ದೂರ. ವಾಹನ ತರುವ ಹೊತ್ತಿಗೆ ಬಿಸಿಲು ಇಳಿದಿತ್ತು.

ನೀಲಗಂಗವ್ವ ಬದುಕಿದಳು. ಆದರೆ ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಇನ್ನಷ್ಟು ಮೊದಲು ಕರೆತಂದಿದ್ದರೆ ಮಾತಾದರೂ ಉಳಿಯುತ್ತಿತ್ತೇನೋ ಎಂದು ವೈದ್ಯರು ಅಂದರಂತೆ. ಅವರು ಅದನ್ನು ಯಾರನ್ನೂ ಬೊಟ್ಟು ಮಾಡಿ ಅಂದದ್ದಲ್ಲ. ಆದರೆ ಮನೆಗೆ ಬಂದ ದಿನ ದಾನವ್ವ ಅತ್ತೆಯ ಮಂಚದ ಕಾಲದೆಸೆ ನಿಂತು ಗಂಡನಿಗೆ ಹೇಳಿದ್ದು ನಾನು ಕೇಳಿದ್ದೇನೆ.

"ನಾ ಎರಡ ಸಲ ಕುಂತೆ ರೀ. ದಾರ್ಯಾಗ ಉಸಿರ ಸಾಲಲಿಲ್ಲ. ಬೇವಿನ ಗಿಡದ ಬುಡಕ ಒಮ್ಮೆ, ಹಳ್ಳದ ದಂಡಿಗೆ ಒಮ್ಮೆ. ಎರಡ ಸಲ ಕುಂತೆ."

ಅಡಿವೆಪ್ಪ ಅವಳನ್ನು ಸಮಾಧಾನ ಮಾಡಿದ. ಓಡಿ ರೂಢಿ ಇಲ್ಲದವಳು ಓಡಿದೆ, ಕೂಡದೆ ಏನು ಮಾಡಲಿಕ್ಕೆ ಬರುತ್ತಿತ್ತು ಎಂದ. ಅಂದಿನಿಂದ ಅವಳು ಅತ್ತೆಯ ಮಂಚದ ಮೇಲಾಗಲಿ, ಅದರ ಹತ್ತಿರವಾಗಲಿ ಕೂಡಲಿಲ್ಲ. ಗಂಜಿ ಕುಡಿಸುವುದು ನಿಂತು, ತಲೆ ಬಾಚುವುದು ನಿಂತು, ಮಗ್ಗುಲು ಹೊರಳಿಸುವುದು ನಿಂತು. ಸೊಸೆ ಅತ್ತೆಯ ಮುಂದೆ ಕೂಡದಿರುವುದು ಹಳೆಯ ಮರ್ಯಾದೆಯೆಂದು ನೋಡಿದವರು ಮೆಚ್ಚಿದರು. ಮಂಚದ ಮೇಲಿನ ಕಣ್ಣುಗಳು ಮಾತ್ರ ಮೆಚ್ಚಲಿಲ್ಲ. ಆ ಕಣ್ಣುಗಳಿಗೆ ಒಂದು ಮಾತು ಗೊತ್ತಿತ್ತು, ಹೇಳಲು ಬಾಯಿ ಇರಲಿಲ್ಲ. ನನಗೂ ಅದೇ ಮಾತು ಗೊತ್ತಿತ್ತು.

ದಾನವ್ವನೇ ನನ್ನನ್ನು ಗೂಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತೊಳೆದು, ಅತ್ತೆಯ ಎಡಗೈಗೆ ಎಟಕುವಂತೆ ಮಂಚದ ಚೌಕಟ್ಟಿಗೆ ಕಟ್ಟಿದಳು. ಒಮ್ಮೆ ಬಾರಿಸಿದರೆ ನೀರು. ಎರಡು ಸಲಕ್ಕೆ ಮಗ್ಗುಲು ಬದಲಿಸುವುದು. ಬಿಡದೆ ಬಾರಿಸಿದರೆ ಹೆದರಿಕೆ, ಬೇಗ ಬಾ ಎಂದು. ಹೀಗೆ ನನಗೆ ಮತ್ತೆ ಮಾತು ಬಂತು. ಫಕೀರಪ್ಪನ ಮಗಳ ಮಾತು.

ದಾನವ್ವ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಅದಕ್ಕೂ ಮೊದಲು ದನದ ಕೆಲಸ, ಅತ್ತೆಯ ಸ್ನಾನ, ಮಕ್ಕಳ ಜಡೆ. ಅತ್ತೆ ಬಿದ್ದ ಮರುವರ್ಷ, ಇದೆಲ್ಲಕ್ಕೂ ಮೊದಲು, ನಸುಕಿನಲ್ಲಿ, ಅವಳು ಗುಡಿಯ ಸುತ್ತ ಓಡತೊಡಗಿದಳು. ಮೊದಲ ದಿನ ಒಂದು ಸುತ್ತು. ತಿಂಗಳಲ್ಲಿ ಐದು. ಯಾಕೆಂದು ಯಾರಿಗೂ ಹೇಳಲಿಲ್ಲ. ನಳದ ಹತ್ತಿರ ಹೆಂಗಸರು, ದಾನವ್ವ ಮನೆ ಬಿಟ್ಟು ಓಡಿಹೋಗಲು ರೂಢಿ ಮಾಡುತ್ತಿದ್ದಾಳೆ ಎಂದು ನಕ್ಕರಂತೆ. ಎಷ್ಟು ಓಡಿದರೂ ತಿರುಗಿ ಇದೇ ಬಾಗಿಲಿಗೆ ಬರುತ್ತೇನಲ್ಲ, ಅದೇ ತನ್ನ ತಾಪತ್ರಯ ಎಂದು ಇವಳು ಅಂದಳಂತೆ. ಅದನ್ನು ಅತ್ತೆಗೆ ಹೇಳುವಾಗ ಅತ್ತೆಯ ಅರ್ಧ ಮುಖ ನಕ್ಕಿತು.

ಅವಳು ರಸ್ತೆಗೆ ಹೋಗಿ ಓಡುವಂತಿರಲಿಲ್ಲ. ರಸ್ತೆಗೆ ನನ್ನ ಸದ್ದು ಮುಟ್ಟುವುದಿಲ್ಲ. ಮಿಕ್ಕ ಮೂರು ಕಡೆ ಕಾಲು ಹೂಳುವ ಎರೆಭೂಮಿ. ನನ್ನ ಸದ್ದು ಕೇಳುವಷ್ಟು ದೂರದಲ್ಲಿ ಓಡಲು ಇದ್ದದ್ದು ಗುಡಿಯ ಪೌಳಿಯ ಸುತ್ತಿನ ದಾರಿ ಒಂದೇ. ಅಲ್ಲಿ ಕಾಲಿಗೆ ಏನೂ ಹಾಕದೆ ಓಡುತ್ತಿದ್ದಳು.

ಶಾಲೆಯ ಆಟದ ಮಾಸ್ತರ ದ್ಯಾಮಣ್ಣ ಇದನ್ನು ವರ್ಷವಿಡೀ ನೋಡಿದರು. ಒಂದು ದಿನ ಮನೆಗೆ ಬಂದು, ಜಿಲ್ಲೆಯ ಊರಿನಲ್ಲಿ ಸಂಕ್ರಾಂತಿ ಮುಗಿದ ಮೇಲೆ ಮ್ಯಾರಥಾನ್ ಇದೆ, ನಲವತ್ತೆರಡು ಕಿಲೋಮೀಟರ್, ಆರೂವರೆ ತಾಸಿನೊಳಗೆ ಮುಟ್ಟಿದವರೆಲ್ಲ ಗೆದ್ದಂತೆ ಎಂದರು. ದಾನವ್ವ ಕೇಳಿದ್ದು ಒಂದೇ ಪ್ರಶ್ನೆ.

"ನಡಕ ಕೂಡಬೇಕಾಗತೈತೇನ್ರೀ ಸರ?"

"ಕೂಡವರು ಕೂಡತಾರವ್ವ. ಕೂಡದವರೂ ಅದಾರ."

ಆಗ ನನಗೆ ಅವಳ ಓಟದ ಅರ್ಥ ತಿಳಿಯಿತು. ಅವಳಿಗೆ ಯಾರನ್ನೂ ಹಿಂದೆ ಹಾಕಬೇಕಾಗಿರಲಿಲ್ಲ. ಅಂದು ಓಡಿದ್ದರ ಎಂಟು ಪಟ್ಟು ದೂರವನ್ನು, ಒಮ್ಮೆಯೂ ಕೂಡದೆ, ಮುಟ್ಟಬೇಕಾಗಿತ್ತು. ಮುಟ್ಟಿ ಬಂದು ಅತ್ತೆಗೆ ಹೇಳಬೇಕಾಗಿತ್ತು.

ಮಾಸ್ತರರು ಟೇಪು ಹಿಡಿದು ಗುಡಿಯ ಸುತ್ತನ್ನು ಅಳೆದರು. ಲೆಕ್ಕ ಹಾಕಿ, ಮತ್ತೊಮ್ಮೆ ಹಾಕಿ ನೋಡಿದರು. ನೂರೆಂಟು ಸುತ್ತು ಹಾಕಿದರೆ ಒಂದು ಮ್ಯಾರಥಾನ್. ದಾನವ್ವ ಗುಡಿಯತ್ತ ತಿರುಗಿ ಕೈ ಮುಗಿದಳು. ಮರುದಿನವೇ ಬಾಗಿಲ ಮುಂದಿನ ಬಸವಣ್ಣನ ಪಾದದ ಬಳಿ ಎರಡು ತೆಂಗಿನ ಪರಟೆ ಬಂದವು, ಒಂದರಲ್ಲಿ ನೂರೆಂಟು ಹುಣಸೆಬೀಜ. ಒಂದು ಸುತ್ತಿಗೆ ಒಂದು ಬೀಜ ಆ ಪರಟೆಯಿಂದ ಈ ಪರಟೆಗೆ.

ನಾನು ಎಷ್ಟು ಸಲ ಅವಳ ಓಟ ಮುರಿದೆನೋ ಶಿವನೇ ಬಲ್ಲ. ಇಪ್ಪತ್ತನೆಯ ಸುತ್ತಿಗೆ ನೀರು, ಮೂವತ್ತೆರಡಕ್ಕೆ ಮಗ್ಗುಲು. ಸದ್ದು ಕೇಳಿದೊಡನೆ ಅವಳ ಹೆಜ್ಜೆ ಇತ್ತ ತಿರುಗುತ್ತಿತ್ತು. ನೀಲಗಂಗವ್ವನಿಗೆ ಅದರಿಂದ ನೋವಾಯಿತು. ಅವಳು ಬಾರಿಸುವುದನ್ನೇ ಕಡಿಮೆ ಮಾಡಿದಳು. ಬೆರಳು ನನ್ನ ಹತ್ತಿರ ಬಂದು, ಮುಟ್ಟದೆ ಹಿಂದೆ ಹೋಗುತ್ತಿತ್ತು. ಹೊರಗೆ ಬೀಜಗಳು ಬೀಳುತ್ತಿದ್ದವು, ಒಳಗೆ ತುಟಿ ಒಣಗುತ್ತಿತ್ತು. ನಾಲ್ಕನೆಯ ದಿನ ದಾನವ್ವ ಬಂದು ಬಿರಿದ ತುಟಿ ನೋಡಿದಳು, ನನ್ನನ್ನು ನೋಡಿದಳು.

"ಅತ್ತಿ, ನೀವು ಬಾರಸಲಿಲ್ಲಂದ್ರ ನಾ ಓಡಂಗಿಲ್ಲ. ನಾಳಿಂದ ಬಂದ್" ಎಂದಳು.

ನೀಲಗಂಗವ್ವ ಆಗಿಂದಾಗಲೇ ಕೈ ಚಾಚಿ ನನ್ನನ್ನು ಒಮ್ಮೆ ಬಾರಿಸಿದಳು. ಸೊಸೆ ನೀರು ತಂದಳು. ಒಪ್ಪಂದ ಹಾಗೆ ಆಯಿತು.

ಕಾರ್ತಿಕದ ಹೊತ್ತಿಗೆ ದಾನವ್ವನ ಬಲ ಮೊಣಕಾಲು ಬಾತುಕೊಂಡಿತು. ಕುಂಟುತ್ತ ನಡೆಯುವುದನ್ನು ಕಂಡ ದ್ಯಾಮಣ್ಣ ಮಾಸ್ತರರು ಅಂಗಳಕ್ಕೆ ಬಂದು, ಸುತ್ತು ಹಾಕುವ ಬಗೆ ಕೇಳಿ, ಹಣೆ ಬಡಿದುಕೊಂಡರು. ಒಂದೂವರೆ ವರ್ಷದಿಂದ ಅವಳು ಒಂದೇ ಕಡೆಗೆ ಓಡಿದ್ದಳು, ದೇವರನ್ನು ಬಲಕ್ಕಿಟ್ಟುಕೊಂಡು. ಪ್ರತಿ ತಿರುವಿನ ಭಾರವೂ ಆ ಒಂದು ಕಾಲಿನ ಮೇಲೆ. ಅರ್ಧ ಸುತ್ತುಗಳನ್ನು ಎಡಕ್ಕೆ ಹಾಕು, ಇಲ್ಲದಿದ್ದರೆ ಓಟ ಮರೆತುಬಿಡು ಎಂದರು ಅವರು.

"ದೇವರನ್ನ ಎಡಕ್ಕ ಹಾಕ್ಕೊಂಡು ಹೆಂಗ ಓಡ್ಲಿರೀ ಸರ? ಮನ್ಯಾಗ ಅತ್ತಿ ಮಲಗ್ಯಾರ. ಎಡಸುತ್ತು ಎಲ್ಲಿ ಹಾಕತಾರಂತ ನಿಮಗೂ ಗೊತ್ತೈತಿ."

ಮಾಸ್ತರರಿಗೆ ಗೊತ್ತಿತ್ತು. ಎಡಸುತ್ತು ಹಾಕುವುದು ಸುಡುಗಾಡಿನಲ್ಲಿ. ದಾನವ್ವ, ಇರಲಿ ಬಿಡಿ ಸರ, ಇಷ್ಟೇ ನನ್ನ ಪಾಲಿಗೆ ಇದ್ದದ್ದು ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಆಗ ನೀಲಗಂಗವ್ವ ನನ್ನನ್ನು ಬಿಡದೆ ಬಾರಿಸಿದಳು. ಇಬ್ಬರೂ ಒಳಗೆ ಓಡಿಬಂದರು. ಅವಳು ಮೂಲೆಯ ತಾಟಿನತ್ತ, ವಿಭೂತಿಯ ಕರಡಿಗೆಯತ್ತ, ಆಮೇಲೆ ನನ್ನತ್ತ ಬೆರಳು ಮಾಡಿದಳು. ತಾಟು ತಂದರು. ವಿಭೂತಿ ಪುಡಿ ಮಾಡಿ ಹರಡಿದರು. ನನ್ನನ್ನು ಬಿಚ್ಚಿ ಕೊಟ್ಟಾಗ ಅವಳು ನಡುವೆ ಬೋರಲು ಇಟ್ಟಳು. ಅಂದು ನಾನು ಗುಡಿಯಾದೆ. ಲೋಟದ ನೀರಿನಲ್ಲಿ ಬೆರಳು ಅದ್ದಿ ನನ್ನ ಬುಡದಿಂದ ತಾಟಿನ ಅಂಚಿನವರೆಗೆ ಒಂದು ಗೆರೆ ಎಳೆದಳು. ಆಮೇಲೆ ಆ ಎಡಗೈ ಬೆರಳು ವಿಭೂತಿಯಲ್ಲಿ ನನ್ನ ಸುತ್ತ ಬಲಕ್ಕೆ ನಡೆಯಿತು. ನೀರಿನ ಗೆರೆ ಬಂದಾಗ ನಿಂತಿತು. ದಾಟಲಿಲ್ಲ. ಹೊರಳಿ, ಬಂದ ದಾರಿಯಲ್ಲೇ ಎಡಕ್ಕೆ ಸುತ್ತಿ, ಗೆರೆಯ ಆ ಬದಿಗೆ ಮುಟ್ಟಿ ನಿಂತಿತು. ಮತ್ತೆ ಹೊರಳಿತು.

ಶಿವನ ಗುಡಿಯಲ್ಲಿ ಅಭಿಷೇಕದ ನೀರು ಗರ್ಭಗುಡಿಯಿಂದ ಹೊರಗೆ ಹರಿದುಬರುವ ಕಾಲುವೆಯನ್ನು ದಾಟಬಾರದು. ಅಲ್ಲಿಯವರೆಗೆ ಹೋಗಿ ತಿರುಗಬೇಕು. ಹಿಂದಿನವರ ಸುತ್ತು ಅದು, ಬಲವೂ ಹೌದು, ಎಡವೂ ಹೌದು. ಸೋಮೇಶ್ವರನ ಕಾಲುವೆ ಆ ದಾರಿಯನ್ನು ಹಾದು ಹೊಂಡಕ್ಕೆ ಹೋಗುತ್ತಿತ್ತು. ಬಹಳ ವರ್ಷಗಳ ಹಿಂದೆ ಅದರ ಮೇಲೆ ಚಪ್ಪಡಿ ಹಾಸಿ ಮಣ್ಣು ಮುಚ್ಚಿದರು. ನೀರು ಕಾಣದಾದ ಮೇಲೆ ಎಲ್ಲರೂ ದಾಟಿದರು, ದಾಟಬಾರದೆಂಬುದನ್ನೂ ಮರೆತರು. ಮರೆಯದೆ ಉಳಿದದ್ದು ಈ ಒಂದು ಮಂಚದ ಮೇಲೆ.

ದಾನವ್ವ ತಾಟನ್ನು ಬಹಳ ಹೊತ್ತು ನೋಡಿದಳು. ಆ ವಿಭೂತಿಯನ್ನೇ ತೆಗೆದು ಮೊದಲು ಅತ್ತೆಯ ಹಣೆಗೆ, ಆಮೇಲೆ ತನ್ನ ಹಣೆಗೆ, ಕೊನೆಗೆ ಬಾತ ಮೊಣಕಾಲಿಗೆ ಹಚ್ಚಿದಳು. ಹದಿನೈದು ದಿನ ಕಾಲಿಗೆ ವಿಶ್ರಾಂತಿ ಕೊಟ್ಟಳು. ಆಮೇಲೆ ಚಪ್ಪಡಿಯಿಂದ ಚಪ್ಪಡಿಗೆ ಓಡಿದಳು, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಓಟದ ತಿಂಗಳು ಬರುವ ಹೊತ್ತಿಗೆ ಒಂದೇ ಓಟದಲ್ಲಿ ಎಪ್ಪತ್ತು ಬೀಜ ಪರಟೆ ಬದಲಿಸಿದ್ದವು. ನೂರೆಂಟನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ನಾನು ಬಿಟ್ಟಿರಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಮನೆಯವರೆಲ್ಲ ಕೆಲಸದಲ್ಲಿದ್ದಾಗ ನೀಲಗಂಗವ್ವ ನನ್ನ ಗಂಟು ಬಿಚ್ಚಲು ಶುರುಮಾಡಿದಳು. ಒಂದೇ ಕೈ. ದಾನವ್ವ ಬಿಗಿದು ಕಟ್ಟಿದ ಗಂಟು. ಉಗುರು ಜಾರಿತು, ಬೆವರು ಬಂತು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮತ್ತೆ ಹಿಡಿದಳು. ಬಿಸಿಲು ಹೊಸ್ತಿಲಿನಿಂದ ಗೋಡೆಗೆ ಹೋದಾಗ ಗಂಟು ಬಿಚ್ಚಿತು. ಸೊಸೆ ಗಂಜಿ ತಂದಾಗ ಅವಳ ಅಂಗೈಗೆ ನನ್ನನ್ನು ಇಟ್ಟು ಬೆರಳು ಮಡಿಚಿದಳು.

"ಇದನ್ನ ನನಗ ಕೊಟ್ಟರ ನೀವು ಹೆಂಗ ಕರೀತೀರಿ ಅತ್ತಿ?"

ನೀಲಗಂಗವ್ವ ಮಗನತ್ತ ಬೆರಳು ಮಾಡಿದಳು. ಅಡಿವೆಪ್ಪ ಗಿರಣಿಗೆ ರಜೆ ಹಾಕಿದ್ದ. ತಾಯಿಯನ್ನು ಹೊರಳಿಸುವುದನ್ನು ವಾರದಿಂದ ಕಲಿಯುತ್ತಿದ್ದ. ಹಿಟ್ಟಿನ ಚೀಲ ಹಿಡಿದ ಹಾಗೆ ಹಿಡಿಯಬೇಡಿರೆಂದು ದಾನವ್ವ ದಿನಕ್ಕೆ ಹತ್ತು ಸಲ ಗದರಿಸುತ್ತಿದ್ದಳು. ಅವನು ಒಂದು ಸ್ಟೀಲು ತಾಟು, ಒಂದು ಚಮಚ ತಂದು ತಾಯಿಯ ಎಡಗೈ ಹತ್ತಿರ ಇಟ್ಟ.

"ನಾ ಇಲ್ಲೇ ಇರ್ತೀನಿ. ನೀ ಹೋಗಿ ಬಾ" ಎಂದ.

ಓಟ ನಸುಕಿಗೆ ಶುರುವಾಯಿತು. ನಾನು ದಾನವ್ವನ ಸೊಂಟದಲ್ಲಿದ್ದೆ. ನೂರಾರು ಜನರ ನಡುವೆ ನನ್ನ ಸದ್ದು ಯಾರಿಗೂ ಕಿರಿಕಿರಿಯಾಗದಿರಲೆಂದು ಅವಳು ನನ್ನ ನಾಲಗೆಗೆ ಅರಿವೆ ಸುತ್ತಿದ್ದಳು. ಬಣ್ಣದ ಬೂಟುಗಳ ನಡುವೆ ಅವಳದು ಬರಿಗಾಲು. ತಿರುವಿಲ್ಲದ ದಾರಿ ಅವಳಿಗೆ ಹೊಸದು, ಎಷ್ಟು ಓಡಿದರೂ ಗುಡಿ ಬರಲಿಲ್ಲ. ಅವಳು ತುಟಿಯೊಳಗೆ ಸುತ್ತು ಎಣಿಸುತ್ತಿದ್ದಳು. ನಲವತ್ತು. ಐವತ್ತಾರು. ಎಪ್ಪತ್ತರವರೆಗೆ ಅವಳಿಗೆ ತಿಳಿದ ದಾರಿ. ಎಪ್ಪತ್ತೊಂದರಿಂದ ತಿಳಿಯದ್ದು.

ತೊಂಬತ್ತರ ಆಸುಪಾಸು ಬಿಸಿಲು ಏರಿತ್ತು. ಮೀನಖಂಡ ಕಲ್ಲಾಯಿತು. ಅವಳು ನಿಂತಳು. ನೀರು ಕೊಡುತ್ತಿದ್ದ ಹುಡುಗಿಯೊಬ್ಬಳು ಕುರ್ಚಿ ತಂದು ಹಿಂದೆ ಇಟ್ಟಳು.

"ಆಂಟಿ, ಎರಡು ನಿಮಿಷ ಕೂತ್ಕೊಳ್ಳಿ. ಮುಖ ಕಪ್ಪಿಟ್ಟಿದೆ."

ದಾನವ್ವ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದಳು. ಅವಳ ಮೊಣಕಾಲು ಮಡಿಯುತ್ತಿದ್ದುದು ನನಗೆ ತಿಳಿಯಿತು. ಇನ್ನೊಂದು ಗೇಣು ಬಗ್ಗಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಕುರ್ಚಿ ಬಿಡಲಿಲ್ಲ, ಕೂಡಲೂ ಇಲ್ಲ. ಒಂದು ಕೈ ತೆಗೆದು ಸೊಂಟಕ್ಕೆ ತಂದು, ನನ್ನ ನಾಲಗೆಯ ಅರಿವೆ ಬಿಚ್ಚಿದಳು. ಒಂದು ಹೆಜ್ಜೆ ಇಟ್ಟಳು. ನಾನು ನುಡಿದೆ. ಇನ್ನೊಂದು ಹೆಜ್ಜೆ. ಮತ್ತೆ ನುಡಿದೆ. ಅರವತ್ತು ವರ್ಷದ ಮೇಲೆ ನಾನು ಮತ್ತೆ ದಾರಿಯ ಮೇಲಿದ್ದೆ, ಹೊರೆ ಹೊತ್ತವರ ಜೊತೆ. ಅಷ್ಟು ದಿನ ಅವಳನ್ನು ಓಟದಿಂದ ಹಿಂದಕ್ಕೆ ಕರೆದ ನಾನು, ಅಂದು ಮುಂದಕ್ಕೆ ಕರೆದೆ. ಅವಳು ನಡೆದಳು, ಕುಂಟಿದಳು, ಕೊನೆಗೆ ಮೆಲ್ಲನೆ ಓಡಿದಳು. ಆರೂವರೆ ತಾಸಿಗೆ ಹನ್ನೊಂದು ನಿಮಿಷ ಉಳಿದಿರುವಾಗ ಗೆರೆ ಮುಟ್ಟಿದಳು.

ಕೊರಳಿಗೆ ಪದಕ ಹಾಕಿದರು. ಅವಳು ನಿಂತೇ ನೀರು ಕುಡಿದಳು, ನಿಂತೇ ಬಾಳೆಹಣ್ಣು ತಿಂದಳು, ಬಸ್ಸು ಹತ್ತಿ ಕಂಬ ಹಿಡಿದು ನಿಂತಳು. ಅರ್ಧ ಬಸ್ಸು ಖಾಲಿ ಇತ್ತು. ಕಂಡಕ್ಟರ್ ಎರಡು ಸಲ ಅತ್ತಿತ್ತ ಹೋದ.

"ಯಕ್ಕಾ, ಸೀಟಿಗೇನು ಮುಳ್ಳ ಅದಾವೇನ?"

"ಇನ್ನಾ ಮುಟ್ಟಿಲ್ಲಪಾ" ಎಂದಳು ದಾನವ್ವ.

ಮನೆಯಲ್ಲಿ ಅಡಿವೆಪ್ಪನ ಅಂಗಿಯ ತುಂಬ ಗಂಜಿ ಚೆಲ್ಲಿತ್ತು. ಚಮಚ ಡೊಂಕಾಗಿತ್ತು. ತಾಯಿ ಚೆನ್ನಾಗಿದ್ದಳು. ದಾನವ್ವ ಮಂಚದ ಕಾಲದೆಸೆ, ಮೂರು ವರ್ಷದ ಹಿಂದೆ ನಿಂತ ಜಾಗದಲ್ಲೇ ಬಂದು ನಿಂತಳು.

"ಅತ್ತಿ, ಮುಟ್ಟಿ ಬಂದೆ. ಕುಂತಿಲ್ಲ. ಒಮ್ಮೆನೂ ಕುಂತಿಲ್ಲ."

ನೀಲಗಂಗವ್ವ ಅವಳ ಕಾಲು ನೋಡಿದಳು. ಅಂಗಾಲು ಸೀಳಿ ಹೆಜ್ಜೆಗೊಂದು ಕೆಂಪು ಗುರುತು ಹೊಸ್ತಿಲಿನಿಂದ ಬಂದಿತ್ತು. ಅತ್ತೆಯ ಎಡಗೈ ಎದ್ದು ಮಂಚದ ಅಂಚನ್ನು ಬಡಿಯಿತು. ದಾನವ್ವ ನೀರು ಬೇಕೇನೋ ಎಂದು ಲೋಟ ಹಿಡಿದಳು. ಕೈ ಲೋಟವನ್ನು ಸರಿಸಿ ಮತ್ತೆ ಬಡಿಯಿತು. ಮಗ್ಗುಲು ಹೊರಳಿಸಲು ಬಾಗಿದಳು. ಕೈ ಅವಳನ್ನು ತಡೆಯಿತು.

"ಕೂಡು ಅನ್ನಾಕತ್ತಾಳ" ಎಂದ ಅಡಿವೆಪ್ಪ.

ದಾನವ್ವ ಅಲುಗಲಿಲ್ಲ. ಮೂರನೆಯ ಸಲ ಕೈ ಮಂಚವನ್ನು ಬಡಿದು, ಅಲ್ಲೇ ಅಂಗೈ ಮೇಲೆ ಮಾಡಿ ಕಾದಿತು. ಆಗ ದಾನವ್ವ ಕುಳಿತಳು. ಕುಳಿತವಳ ಮೊಣಕಾಲಿನ ಮೇಲೆ ಅತ್ತೆ ಕೈ ಇಟ್ಟಳು. ಸೊಸೆ ಅತ್ತಳು. ಮೂರು ವರ್ಷದ ಅಳು ಅದು, ಮೆಲ್ಲಗೆ ಬಂತು, ಬಹಳ ಹೊತ್ತು ಇತ್ತು.

ಕುಂತಿಲ್ಲ ಮಗಳ, ಹೊರಿ ಇಳಿಸಿದ್ದೆ, ಅಷ್ಟ. ಆ ಕೋಣೆಯಲ್ಲಿ ಫಕೀರಪ್ಪನ ಈ ಮಾತು ಬಲ್ಲವರು ಇಬ್ಬರಿದ್ದೆವು, ಇಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಹೇಳಬೇಕಾದದ್ದು ಆ ಅಂಗೈಯಲ್ಲಿತ್ತು.

ನೀಲಗಂಗವ್ವ ಇನ್ನೆರಡು ಮಳೆಗಾಲ ಬಾಳಿ ಶಿವನ ಪಾದ ಸೇರಿದಳು. ನಾನು ಈಗ ಅದೇ ಖಾಲಿ ಮಂಚದ ಚೌಕಟ್ಟಿನಲ್ಲಿದ್ದೇನೆ. ನನ್ನ ಅಂಚಿನಲ್ಲಿ ಒಂದು ಸೀಳು ಬಿದ್ದಿದೆ, ದನಿ ಗೊಗ್ಗರಾಗಿದೆ. ನಾನು ಎಷ್ಟೋ ಜನರ ಮಾತಾದೆ, ನನ್ನದೆಂಬ ಮಾತು ಒಂದೂ ಇರಲಿಲ್ಲ. ಅದಕ್ಕೆ ಬೇಸರವಿಲ್ಲ. ಬರಿದಾದ ಜಾಗದಲ್ಲೇ ಅಲ್ಲವೇ ಮೌನೇಶಪ್ಪ ನನ್ನನ್ನು ಎರಕ ಹೊಯ್ದದ್ದು.

ದಾನವ್ವ ಈಗಲೂ ನಸುಕಿನಲ್ಲಿ ಓಡಲು ಹೋಗುತ್ತಾಳೆ. ಹೋಗುವ ಮುನ್ನ ಬೆರಳಿನಿಂದ ನನ್ನನ್ನು ಒಮ್ಮೆ ತಟ್ಟುತ್ತಾಳೆ. ಕಾಣದ ನೀರಿನವರೆಗೆ ಓಡಿ, ದಾಟದೆ, ಹೊರಳಿ ಬರುತ್ತಾಳೆ. ಬಂದವಳು ಈ ಮಂಚದ ಮೇಲೆ ಕುಳಿತು ಅಂಗಾಲಿನ ಮುಳ್ಳು ತೆಗೆದುಕೊಳ್ಳುತ್ತಾಳೆ.